ಬರೆದ ಚಿತ್ರ ನೋಡಿ ಅತ್ತುಬಿಟ್ಟೆ. ಇದು ಹೇಗಾಯಿತು ಅಂತ ಯಾರಾದರೂ ಹೇಳುತ್ತೀರಾ?

ಇರುಳುಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಹೊಸಬಳು. ಅನಿಮೆ, ಅಂದರೆ ಜಪಾನಿನ ಅನಿಮೇಷನ್, ಅದಕ್ಕೂ ಹೊಸಬಳೇ. ನಾಲ್ಕು ದಿನದ ಹಿಂದಿನವರೆಗೆ ನಾನು ಅದನ್ನು ಕಾರ್ಟೂನ್ ಅಂತಲೇ ಕರೆಯುತ್ತಿದ್ದೆ. ಹಾಗೆ ಕರೆದಾಗಲೆಲ್ಲ ಮಗಳು ಹಲ್ಲು ಕಡಿಯುತ್ತಿದ್ದಳು.

ನಾನು ನರ್ಸ್. ಕೆಲಸಕ್ಕೆ ಸೇರಿ 22 ವರ್ಷವಾಯಿತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರಿ ಪಾಳಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಸುಲಭಕ್ಕೆ ಅಳುವವಳಲ್ಲ. ನಸುಕಿನ ನಾಲ್ಕು ಗಂಟೆಗೆ ಮನೆಯವರಿಗೆ ಫೋನ್ ಮಾಡಿ ಸುದ್ದಿ ಹೇಳಿದ್ದೇನೆ. ಆಮೇಲೆ ಕೈ ತೊಳೆದು, ಚಾರ್ಟ್ ಬರೆದು, ಪಕ್ಕದ ಹಾಸಿಗೆಯವರ ಡ್ರಿಪ್ ಬದಲಾಯಿಸಿದ್ದೇನೆ. ಕಲ್ಲುಮನಸ್ಸು ಅಂತ ಅಂದುಕೊಳ್ಳಬೇಡಿ. ಅಳುತ್ತಾ ಕೂತರೆ ಪಕ್ಕದ ಹಾಸಿಗೆಯವರನ್ನು ನೋಡುವವರು ಯಾರು?

ಮೊನ್ನೆ ರಜೆ ಇತ್ತು. ಒಣಗಿದ ಬಟ್ಟೆ ರಾಶಿ ಹಾಕಿಕೊಂಡು ಮಡಚುತ್ತಿದ್ದೆ. ಮಗಳು ಟೀವಿಯಲ್ಲಿ ‘ಫ್ರೀರೆನ್’ ಹಾಕಿದಳು. ಮೊದಲ ಕಂತು. ನೋಡದವರಿಗೆ ಚುಟುಕಾಗಿ ಹೇಳುತ್ತೇನೆ. ನಾಲ್ಕು ಜನ ಹತ್ತು ವರ್ಷ ಅಲೆದು ರಾಕ್ಷಸರಾಜನನ್ನು ಕೊಂದು ವಾಪಸ್ ಬಂದಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಆ ಹತ್ತು ವರ್ಷವನ್ನೇ ಕಥೆ ಮಾಡುತ್ತಿದ್ದರು. ಇಲ್ಲಿ ಅದೆಲ್ಲ ಮುಗಿದ ಮೇಲೆ ಕಥೆ ಶುರು. ನಾಲ್ವರಲ್ಲಿ ಫ್ರೀರೆನ್ ಎಲ್ಫ್, ಅಂದರೆ ಸಾವಿರಾರು ವರ್ಷ ಬದುಕುವ ಜಾತಿ. ಉಲ್ಕೆಗಳು ಬೀಳುವುದನ್ನು ನಾಲ್ವರೂ ಒಟ್ಟಿಗೆ ನೋಡುತ್ತಾರೆ. ಇದು ಇನ್ನೂ ಚೆನ್ನಾಗಿ ಕಾಣುವ ಜಾಗ ನನಗೆ ಗೊತ್ತು, ಐವತ್ತು ವರ್ಷದ ಮೇಲೆ ಮುಂದಿನ ಸಲ ಬಂದಾಗ ಅಲ್ಲಿಗೆ ಹೋಗೋಣ ಅಂತ ಫ್ರೀರೆನ್ ಅನ್ನುತ್ತಾಳೆ. ಮುಂದಿನ ವಾರ ಸಿಗೋಣ ಅನ್ನುವ ಹಾಗೆ!

ಐವತ್ತು ವರ್ಷ ಬಿಟ್ಟು ನಿಜವಾಗಿಯೂ ಬರುತ್ತಾಳೆ. ಅವಳು ಹಾಗೇ ಇದ್ದಾಳೆ. ಅಷ್ಟು ಚೆಂದ ಇದ್ದ ನಾಯಕ ಹಿಮ್ಮೆಲ್ ಬೋಳುತಲೆಯ, ಬಿಳಿಗಡ್ಡದ ಪುಟ್ಟ ಮುದುಕ ಆಗಿದ್ದಾನೆ. ಹೋಗಿ ಉಲ್ಕೆ ನೋಡುತ್ತಾರೆ. ಆಮೇಲೆ ಅವನು ತೀರಿಕೊಳ್ಳುತ್ತಾನೆ. ಹೆಣದ ಮುಂದೆ ಇವಳು ಸುಮ್ನೆ ನಿಂತಿದ್ದಾಳೆ, ಮುಖದಲ್ಲಿ ಏನೂ ಇಲ್ಲ. ಜನ ಗುಸುಗುಸು ಮಾತಾಡಿಕೊಳ್ಳುತ್ತಾರೆ. ಮಣ್ಣು ಮಾಡುವ ಹೊತ್ತಿಗೆ ಅವಳಿಗೆ ಅಳು ಬರುತ್ತದೆ. ನನಗೆ ಇವನ ಬಗ್ಗೆ ಏನೂ ಗೊತ್ತಿಲ್ಲ, ಬರೀ ಹತ್ತು ವರ್ಷ ಜೊತೆಗಿದ್ದೆ ಅಷ್ಟೇ ಅನ್ನುತ್ತಾಳೆ. ಮನುಷ್ಯರ ಆಯಸ್ಸು ಚಿಕ್ಕದು ಅಂತ ಗೊತ್ತಿದ್ದೂ ಯಾಕೆ ತಿಳಿದುಕೊಳ್ಳಲಿಲ್ಲ ಅಂತ ತನ್ನನ್ನೇ ಕೇಳಿಕೊಳ್ಳುತ್ತಾಳೆ.

ನನ್ನ ಕೈಯಲ್ಲಿ ಒಂದು ಕಾಲುಚೀಲ ಇತ್ತು. ಅದರ ಜೋಡಿ ಹುಡುಕುತ್ತಿದ್ದೆ. ಅದರಲ್ಲೇ ಕಣ್ಣು ಒರೆಸಿಕೊಂಡೆ. ಮಗಳು ಗಾಬರಿಯಾಗಿ ಟೀವಿ ನಿಲ್ಲಿಸಿದಳು.

ನಿಜವಾದ ಮುಖಗಳನ್ನು ನೋಡಿ ಬಾರದ ಅಳು ಇಲ್ಲಿ ಹೇಗೆ ಬಂತು? ಸಿನಿಮಾದಲ್ಲಿ ನಟಿ ಅತ್ತರೆ ಅಲ್ಲೊಂದು ಮುಖ ಇದೆ, ಗಂಟಲು ಉಬ್ಬುವುದು ಕಾಣುತ್ತದೆ, ತುಟಿ ನಡುಗುತ್ತದೆ. ಈ ಹುಡುಗಿಗೆ ಮೂಗು ಅಂದರೆ ಒಂದು ಚಿಕ್ಕ ಗೆರೆ. ನಾಲ್ಕು ಗೆರೆಗೆ ನಾನು ಅತ್ತೆನಾ?

ತಿಳಿದವರು ಹೇಳಿ. ಮುಂದೆ ಏನು ನೋಡಬಹುದು ಅಂತಲೂ ಹೇಳಿ.

---

ಪೆನ್ಸಿಲ್ ತುದಿ:

ಅಕ್ಕ, ಸ್ವಾಗತ. ನಾನು ಹವ್ಯಾಸಕ್ಕೆ ಅನಿಮೇಷನ್ ಮಾಡುತ್ತೇನೆ. ಮೂರು ವರ್ಷದಲ್ಲಿ ಮುಗಿಸಿದ್ದು ಒಟ್ಟು ಹನ್ನೊಂದು ಸೆಕೆಂಡ್. ನಗಬೇಡಿ.

ನಾಲ್ಕು ಗೆರೆ ಅಂದಿರಲ್ಲ, ಉತ್ತರ ಅಲ್ಲೇ ಇದೆ ಅಂತ ನನಗನಿಸುತ್ತದೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚೌಕಟ್ಟು. 24ಕ್ಕೂ ಬೇರೆ ಬೇರೆ ಚಿತ್ರ ಬರೆಯುವುದು ತುಂಬಾ ದುಡ್ಡು, ತುಂಬಾ ಟೈಮು ಬೇಡುವ ಕೆಲಸ. ಜಪಾನಿನ ಟೀವಿ ಅನಿಮೆಯಲ್ಲಿ ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ಹಿಡಿಯುವುದು ಮಾಮೂಲಿ. ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಇದು ಬೇರೂರಿದ್ದು 1963ರಲ್ಲಿ. ಕಾಮಿಕ್ಸ್ ಬರೆಯುತ್ತಿದ್ದ ಒಸಾಮು ತೆಜುಕಾ ತಮ್ಮ ‘ಆಸ್ಟ್ರೋ ಬಾಯ್’ ಅನ್ನು ಟೀವಿಗೆ ತಂದಾಗ ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಬೇಕಿತ್ತು. ದುಡ್ಡೂ ಇಲ್ಲ, ಟೈಮೂ ಇಲ್ಲ. ಹಾಗಾಗಿ ಮೈ ಅಲ್ಲಾಡಿಸದೆ ಬಾಯಿ ಮಾತ್ರ ಅಲ್ಲಾಡಿಸಿದರು. ಒಮ್ಮೆ ಬರೆದ ಚಿತ್ರವನ್ನೇ ಮತ್ತೆ ಮತ್ತೆ ಬಳಸಿದರು. ನಿಂತ ಚಿತ್ರದ ಮೇಲೆ ಕ್ಯಾಮೆರಾ ಓಡಿಸಿದರು.

ಬಡವನ ಉಪಾಯ ಅದು. ಆದರೆ ಮುಂದೆ ಬಂದವರು ಅದನ್ನು ಪಳಗಿಸಿಕೊಂಡರು. ಏನೂ ಅಲ್ಲಾಡದೆ ಇರುವಾಗ ನೋಡುವವನ ಒಳಗೆ ಏನೋ ಅಲ್ಲಾಡಲು ಶುರುವಾಗುತ್ತದೆ. 1995ರ ‘ಇವ್ಯಾಂಜಲಿಯನ್’ನ 22ನೇ ಕಂತಿನಲ್ಲಿ ಲಿಫ್ಟಿನ ದೃಶ್ಯವೊಂದಿದೆ. ಇಬ್ಬರು ಹುಡುಗಿಯರು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಮುಕ್ಕಾಲು ನಿಮಿಷಕ್ಕೂ ಜಾಸ್ತಿ ಹೊತ್ತು ಸುಮ್ಮನೆ ನಿಂತಿರುತ್ತಾರೆ. ಲಿಫ್ಟಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೊದಲ ಸಲ ನೋಡಿದಾಗ ನನ್ನ ಕಂಪ್ಯೂಟರ್ ಕೆಟ್ಟಿತು ಅಂದುಕೊಂಡೆ. ನಿಜ ಹೇಳುತ್ತೇನೆ, ಮೌಸ್ ಕೂಡ ಅಲ್ಲಾಡಿಸಿದೆ. ಆಮೇಲೆ ಒಬ್ಬಳು ಬಾಯಿ ತೆರೆಯುತ್ತಾಳೆ, ಜಗಳ ಆಗುತ್ತದೆ, ಕೆನ್ನೆಗೆ ಏಟು ಬೀಳುತ್ತದೆ. ಮುಂಚೆ ಅಷ್ಟು ಹೊತ್ತು ಕಾಯಿಸಿರದಿದ್ದರೆ ಆ ಏಟು ನಮಗೆ ತಾಗುತ್ತಿರಲಿಲ್ಲ.

ಜಪಾನಿನವರ ಹತ್ತಿರ ಇದಕ್ಕೊಂದು ಪದ ಇದೆ, ‘ಮಾ’. 2002ರಲ್ಲಿ ಅನಿಮೆ ನಿರ್ದೇಶಕ ಹಯಾವೊ ಮಿಯಾಜಾಕಿ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಜೊತೆ ಮಾತಾಡುವಾಗ ಚಪ್ಪಾಳೆ ತಟ್ಟಿ ತೋರಿಸಿದ್ದರು. ಎರಡು ಚಪ್ಪಾಳೆಯ ನಡುವೆ ಇರುವ ಖಾಲಿ ಹೊತ್ತೇ ‘ಮಾ’. ಅವರ ‘ಸ್ಪಿರಿಟೆಡ್ ಅವೇ’ಯಲ್ಲಿ ನೀರಿನ ಮೇಲೆ ಹೋಗುವ ರೈಲು ಬರುತ್ತದೆ. ಕಥೆ ಮುಂದೆ ಹೋಗಲು ಅಷ್ಟು ಹೊತ್ತಿನ ಪಯಣ ಬೇಕೇ ಇರಲಿಲ್ಲ. ಹುಡುಗಿ ಸೀಟಿನಲ್ಲಿ ಕೂತಿದ್ದಾಳೆ, ಕರೀ ನೆರಳಿನಂಥ ಜನ ಒಂದೊಂದು ನಿಲ್ದಾಣದಲ್ಲಿ ಇಳಿಯುತ್ತಾರೆ, ಹೊರಗೆ ಕತ್ತಲಾಗುತ್ತದೆ. ಅಷ್ಟೇ. ಅದನ್ನೇ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನು ಮೂಗಿನ ಗೆರೆ. ನಾನು ಒಂದು ಮುಖವನ್ನು ಪೂರ್ತಿ ಬರೆದರೆ, ಹುಬ್ಬಿನ ಕೂದಲು, ಕೆನ್ನೆಯ ಮಚ್ಚೆ ಎಲ್ಲ ಸೇರಿಸಿದರೆ, ಅದು ಯಾರೋ ಒಬ್ಬರ ಮುಖವಾಗುತ್ತದೆ. ಕಡಿಮೆ ಬರೆದರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳಬೇಕು. ಎಲ್ಲಿಂದ ತುಂಬುತ್ತಾರೆ? ತಮ್ಮ ಹತ್ತಿರ ಇರುವುದರಿಂದಲೇ ಅಲ್ವಾ. ನೀವು ಏನು ತುಂಬಿದಿರಿ ಅಂತ ನಾನು ಕೇಳುವುದಿಲ್ಲ.

ಪ್ಲೇಯರ್‌ನಲ್ಲಿ ಒಂದೊಂದೇ ಚೌಕಟ್ಟು ಮುಂದೆ ಸರಿಸುವ ಬಟನ್ ಇದ್ದರೆ ಆ ದೃಶ್ಯವನ್ನು ಹಾಗೆ ನೋಡಿ. ಎಷ್ಟು ಕಡಿಮೆ ಬರೆದಿದ್ದಾರೆ ಅಂತ ಗೊತ್ತಾಗುತ್ತದೆ.

---

ಕೊನೇ ಬೆಂಚು:

ಎಲ್ಲರೂ ಹೀಗೆ ಕರಗಿ ನೀರಾಗುವ ಮುಂಚೆ ಒಂದು ಮಾತು.

ಅನಿಮೆಯಲ್ಲಿ ಅಳಿಸುವ ಕಾರ್ಖಾನೆಯೂ ಇದೆ. ಪಾತ್ರ ಸಾಯುವ ಐದು ನಿಮಿಷ ಮುಂಚೆ ಅದರ ಬಾಲ್ಯ ತೋರಿಸುವುದು. ಪಿಯಾನೋ. ಚೆರ್ರಿ ಹೂವಿನ ಎಸಳು. ಗೋಲಿಯಷ್ಟು ದೊಡ್ಡ ಕಣ್ಣೀರು. ತನಗೆ ಏನನಿಸುತ್ತಿದೆ ಅಂತ ಪಾತ್ರವೇ ಮೂರು ನಿಮಿಷ ಕಿರುಚಿ ವಿವರಿಸುವುದು. ನಾನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಹತ್ತಕ್ಕೆ ಏಳು ಇಂಥವೇ. ಇದು ನನ್ನ ಲೆಕ್ಕ, ಜಗಳಕ್ಕೆ ಬರಬೇಡಿ. ಅಲ್ಲಿ ‘ಮಾ’ನೂ ಇಲ್ಲ ಮಣ್ಣೂ ಇಲ್ಲ.

ಹಾಗಂತ ನಾನು ಅತ್ತಿಲ್ಲ ಅಂತಲ್ಲ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ನ ಹತ್ತನೇ ಕಂತು. ಸೈನ್ಯದ ಅಧಿಕಾರಿಯೊಬ್ಬ ಗೆಳೆಯನ ಸಮಾಧಿ ಮುಂದೆ ನಿಂತಿದ್ದಾನೆ. ಸ್ವಲ್ಪ ಮುಂಚೆ ತೀರಿಕೊಂಡವನ ಪುಟ್ಟ ಮಗಳು, ಅಪ್ಪನನ್ನು ಯಾಕೆ ಹೂಳುತ್ತಿದ್ದೀರಿ, ಅವರಿಗೆ ಕೆಲಸ ಇದೆ ಅಂದಿದ್ದಾರಲ್ಲ ಅಂತ ಕೇಳಿರುತ್ತಾಳೆ. ಇವನು ಟೋಪಿ ಹಾಕಿಕೊಂಡು ಮಳೆ ಬರುತ್ತಿದೆ ಅನ್ನುತ್ತಾನೆ. ಪಕ್ಕದವಳು ಆಕಾಶ ನೋಡುತ್ತಾಳೆ. ಮಳೆ ಇಲ್ಲ. ಇಲ್ಲ, ಬರುತ್ತಿದೆ ಅನ್ನುತ್ತಾನೆ. ಅವಳಿಗೆ ಅರ್ಥವಾಗುತ್ತದೆ, ಹೌದು ಅನ್ನುತ್ತಾಳೆ.

ಆ ‘ಹೌದು’ ಇದೆಯಲ್ಲ, ನಾನು ಬಿದ್ದಿದ್ದು ಅಲ್ಲಿ. ಅವನ ಕಣ್ಣೀರಿಗಲ್ಲ. ಬೇರೆ ಯಾರಾದರೂ ಆಗಿದ್ದರೆ ನಿಜವಾಗಿಯೂ ಮಳೆ ಸುರಿಸಿಬಿಡುತ್ತಿದ್ದರು.

ಫ್ರೀರೆನ್ ಬಗ್ಗೆ ನನ್ನ ತಕರಾರಿಲ್ಲ. ಮ್ಯಾಡ್‌ಹೌಸ್ ಸ್ಟುಡಿಯೋದವರು ಮಾಡಿದ್ದು, 2023ರ ಸೆಪ್ಟೆಂಬರ್ 29ರಂದು ಮೊದಲ ನಾಲ್ಕು ಕಂತುಗಳನ್ನು ಒಟ್ಟಿಗೆ, ಟೀವಿಯಲ್ಲಿ ಸಿನಿಮಾ ಹಾಕುವ ಸಮಯದಲ್ಲಿ ಹಾಕಿದರು. ಮಾಡಿದವರಿಗೆ ಧೈರ್ಯ ಇತ್ತು. ಮುಂದೆ ಹೊಡೆದಾಟವೂ ಬರುತ್ತದೆ ಸಿಸ್ಟರ್, ಬರೀ ಅಳು ಅಂದುಕೊಳ್ಳಬೇಡಿ.

---

ಮಿಂಚುಹುಳ:

ನಾನು ಸಾಮಾನ್ಯವಾಗಿ ಇಲ್ಲಿ ಓದುತ್ತೇನೆ ಅಷ್ಟೇ, ಬರೆಯುವುದಿಲ್ಲ. ಇದಕ್ಕೆ ಬರೆಯಬೇಕು ಅನಿಸಿತು.

‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಅನ್ನು ನಾನು ಒಂದೇ ಸಲ ನೋಡಿದ್ದು. ನನಗೆ ತಂಗಿ ಇದ್ದಾಳೆ, ನನಗಿಂತ ಎಂಟು ವರ್ಷ ಚಿಕ್ಕವಳು. ಇಬ್ಬರೂ ಒಟ್ಟಿಗೆ ನೋಡಿದೆವು. ಏನು ಅಂತ ಗೊತ್ತಿರಲಿಲ್ಲ. ಘಿಬ್ಲಿಯದು (ಮಿಯಾಜಾಕಿಯವರ ಸ್ಟುಡಿಯೋ), ಚೆನ್ನಾಗಿರುತ್ತೆ ಅಂತ ಹಾಕಿದ್ದು. 1988ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಇದನ್ನೂ ‘ಮೈ ನೇಬರ್ ಟೊಟೊರೊ’ವನ್ನೂ ಒಂದೇ ಟಿಕೆಟ್ಟಿಗೆ ತೋರಿಸಿದರಂತೆ. ಟೊಟೊರೊ ನೋಡಿ ನಗುತ್ತಾ ಕೂತವರಿಗೆ ಆಮೇಲೆ ಇದು! ಆ ದಿನ ಹೊರಗೆ ಬಂದವರ ಮುಖ ಹೇಗಿತ್ತೋ.

1945ರ ಕೋಬೆ ನಗರ. ಬಾಂಬು ಬಿದ್ದು ಅಮ್ಮ ತೀರಿಕೊಂಡಿದ್ದಾಳೆ. ಹದಿನಾಲ್ಕರ ಅಣ್ಣ ಸೆಯ್ತಾ, ನಾಲ್ಕರ ತಂಗಿ ಸೆತ್ಸುಕೊ. ಏನಾಗುತ್ತದೆ ಅಂತ ಮೊದಲ ನಿಮಿಷದಲ್ಲೇ ಹೇಳಿಬಿಡುತ್ತಾರೆ. ರೈಲು ನಿಲ್ದಾಣದ ಕಂಬಕ್ಕೆ ಒರಗಿ ಹುಡುಗ ಸಾಯುತ್ತಾನೆ, ನಾನು ಸತ್ತ ರಾತ್ರಿ ಇದು ಅಂತ ಅವನ ದನಿಯೇ ಹೇಳುತ್ತದೆ. ಹಾಗಾಗಿ ಬದುಕುತ್ತಾರಾ ಅನ್ನುವ ಪ್ರಶ್ನೆಯೇ ನಮಗಿಲ್ಲ. ಮುಂದೆ ಅವರು ನಕ್ಕಾಗಲೆಲ್ಲ ನಮಗೆ ಅದು ಗೊತ್ತಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ. ಸಮುದ್ರದಲ್ಲಿ ಆಡುತ್ತಾರೆ. ನೋಡಲು ಆಗುವುದಿಲ್ಲ.

ಒಂದು ತಗಡಿನ ಡಬ್ಬಿ ಇದೆ. ಹಣ್ಣಿನ ರುಚಿಯ ಪೆಪ್ಪರ್‌ಮೆಂಟಿನದು. ಗಡಗಡ ಸದ್ದು ಮಾಡುತ್ತಿರುತ್ತದೆ. ಖಾಲಿಯಾದ ಮೇಲೆ ಅಣ್ಣ ಅದರೊಳಗೆ ನೀರು ಹಾಕಿ ಅಲ್ಲಾಡಿಸಿ ಕೊಡುತ್ತಾನೆ. ತಂಗಿ ಕುಡಿದು, ಇದರಲ್ಲಿ ಎಲ್ಲ ರುಚಿಯೂ ಇದೆ ಅಂತ ಒಂದೊಂದು ಹಣ್ಣಿನ ಹೆಸರು ಹೇಳುತ್ತಾಳೆ. ಎಷ್ಟು ಖುಷಿ ಅವಳಿಗೆ! ಕೊನೆಕೊನೆಗೆ ಬಾಯಲ್ಲಿ ಏನೋ ಇಟ್ಟುಕೊಂಡು ಚೀಪುತ್ತಿರುತ್ತಾಳೆ. ಅಣ್ಣ ತೆಗೆದು ನೋಡಿದರೆ ಗೋಲಿ. ಪೆಪ್ಪರ್‌ಮೆಂಟ್ ಅಂದುಕೊಂಡಿರುತ್ತಾಳೆ. ಆ ಡಬ್ಬಿಯಲ್ಲಿ ಆಮೇಲೆ ಏನಿರುತ್ತದೆ ಅಂತ ನಾನು ಹೇಳುವುದಿಲ್ಲ, ನೋಡಿದವರಿಗೆ ಗೊತ್ತು.

ಗೋಲಿ ಬಂದಾಗ ನನ್ನ ತಂಗಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ಪಾತ್ರೆ ತೊಳೆಯುತ್ತಿದ್ದಳು. ಸಂಜೆಯೇ ತೊಳೆದಿಟ್ಟ ಪಾತ್ರೆ ಅವೆಲ್ಲ. ಒಂದು ಲೋಟವನ್ನು ಎಷ್ಟೋ ಹೊತ್ತು ತೊಳೆದಳು. ನಾನು ಹೋಗಿ ಒಂದು ಬಟ್ಟೆ ತಗೊಂಡು ಒರೆಸುತ್ತಾ ನಿಂತೆ. ಇಬ್ಬರೂ ಮಾತಾಡಲಿಲ್ಲ. ಅವತ್ತಿನಿಂದ ನಮ್ಮಿಬ್ಬರ ನಡುವೆ ಏನಾದರೂ ಬದಲಾಯಿತಾ ಅಂದರೆ, ಇಲ್ಲ. ಈಗಲೂ ರಿಮೋಟಿಗೆ ಜಗಳವಾಡುತ್ತೇವೆ.

ಇದರ ಹಿಂದಿನ ಕಥೆ ಆಮೇಲೆ ಓದಿದೆ. ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಅವರ ಪುಟ್ಟ ತಂಗಿ 1945ರಲ್ಲಿ ಊಟವಿಲ್ಲದೆ ತೀರಿಕೊಂಡಿದ್ದಳು. ತಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುವ ಕೊರಗಿನಲ್ಲಿ 1967ರಲ್ಲಿ ಬರೆದ ಕಥೆ ಅದು. ಕಥೆಯ ಅಣ್ಣ ಅವರಿಗಿಂತ ಒಳ್ಳೆಯವನು. ನಿರ್ದೇಶಕ ಇಸಾವೊ ತಕಾಹಾತಾ ಕೂಡ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಒಕಾಯಾಮಾ ನಗರದ ಮೇಲೆ ಬಾಂಬು ಬಿದ್ದ ರಾತ್ರಿ ಓಡಿ ಬದುಕಿಕೊಂಡವರು. ಸೆತ್ಸುಕೊಗೆ ದನಿ ಕೊಟ್ಟಿದ್ದು ದೊಡ್ಡವರಲ್ಲ, ನಿಜವಾಗಿಯೂ ಪುಟ್ಟ ಮಗು. ಸಾಮಾನ್ಯವಾಗಿ ಅಲ್ಲಿ ಚಿತ್ರ ಮೊದಲು, ದನಿ ಆಮೇಲೆ. ಈ ಮಗುವಿನ ಮಾತನ್ನು ಮೊದಲು ಹಿಡಿದಿಟ್ಟುಕೊಂಡು, ಅದಕ್ಕೆ ಹೊಂದುವ ಹಾಗೆ ಚಿತ್ರ ಬರೆದರು.

ಪೆನ್ಸಿಲ್ ತುದಿಯವರು ಖಾಲಿ ಜಾಗದ ಬಗ್ಗೆ ಹೇಳಿದರು. ಒಪ್ಪುತ್ತೇನೆ. ನನಗೆ ಇನ್ನೊಂದು ಅನಿಸುತ್ತದೆ. ಕ್ಯಾಮೆರಾ ಎದುರಿಗೆ ಏನಿದೆಯೋ ಅದನ್ನೆಲ್ಲ ಹಿಡಿದುಬಿಡುತ್ತದೆ. ಬೇಡದ್ದೂ ಬರುತ್ತದೆ. ಇಲ್ಲಿ ಹಾಗಲ್ಲ. ಡಬ್ಬಿಯ ಬಾಯಿಯ ಮೇಲೊಂದು ನೀರಿನ ಹನಿ ಇದ್ದರೆ ಯಾರೋ ಕೂತು ಅದನ್ನು ಬರೆದಿದ್ದಾರೆ. ಬೇಕು ಅಂತಲೇ ಬರೆದಿದ್ದಾರೆ. ಆ ಮಗು ಡಬ್ಬಿ ಎತ್ತಿ ಕುಡಿಯುವುದನ್ನು ಯಾರೋ ಒಬ್ಬರು ಎಷ್ಟೋ ದಿನ, ಹಾಳೆ ಮೇಲೆ ಹಾಳೆ ಬರೆಯುತ್ತಾ ಕೂತಿದ್ದರು. ಅವರು ಸಂಜೆ ಮನೆಗೆ ಹೋಗಿ ಹೇಗೆ ಊಟ ಮಾಡಿದರು ಅಂತ ಯೋಚನೆ ಬರುತ್ತದೆ.

ರಾತ್ರಿ ಪಾಳಿ ಮುಗಿಸಿ ಬಂದು ಮಾತ್ರ ಇದನ್ನು ನೋಡಬೇಡಿ ಅಕ್ಕ.

---

ಸಬ್‌ಟೈಟಲ್ ಸುಬ್ಬಿ:

ಮಿಂಚುಹುಳ, ಲೋಟ ತೊಳೆದ ಭಾಗ ಓದಿ ನನಗೇ ಗಂಟಲು ಕಟ್ಟಿತು.

ಇರುಳುಪಾಳಿ ಅಕ್ಕ, ನಿಮಗೆ ‘ಮುಷಿಶಿ’ ಸರಿ. 2005ರದ್ದು, 26 ಕಂತು. ಒಂದೊಂದು ಕಂತಿಗೆ ಒಂದೊಂದು ಕಥೆ, ಹಾಗಾಗಿ ಪಾಳಿ ನಡುವೆ ಒಂದು ತಿಂಗಳು ಬಿಟ್ಟು ನೋಡಿದರೂ ತೊಂದರೆ ಇಲ್ಲ. ಬಿಳಿ ಕೂದಲಿನ ಗಿಂಕೊ ಅನ್ನುವವನು ಊರೂರು ತಿರುಗುತ್ತಾನೆ. ಕಣ್ಣಿಗೆ ಕಾಣದ ‘ಮುಷಿ’ ಅನ್ನುವ ಜೀವಿಗಳಿಂದ ಕಾಯಿಲೆ ಬಿದ್ದವರನ್ನು ನೋಡುತ್ತಾನೆ. ಒಂಥರಾ ನಿಮ್ಮ ಕೆಲಸವೇ. ಖಳ ಅಂತ ಯಾರೂ ಇಲ್ಲ. ಮುಷಿ ಕೆಟ್ಟದ್ದಲ್ಲ, ಅದರ ಪಾಡಿಗೆ ಅದು ಬದುಕುತ್ತದೆ. ಕೆಲವರು ಹುಷಾರಾಗುತ್ತಾರೆ, ಕೆಲವರು ಆಗುವುದಿಲ್ಲ. ಗಿಂಕೊ ಪೆಟ್ಟಿಗೆ ಬೆನ್ನಿಗೆ ಹಾಕಿಕೊಂಡು ಮುಂದಿನ ಊರಿಗೆ ಹೋಗುತ್ತಾನೆ.

ಮೊದಲ ಕಂತಿನಲ್ಲೇ ಒಬ್ಬ ಹುಡುಗ ಇದ್ದಾನೆ, ಎಡಗೈಯಲ್ಲಿ ಏನು ಬರೆದರೂ ಅದಕ್ಕೆ ಜೀವ ಬರುತ್ತದೆ. ಬರೆದ ಅಕ್ಷರ ಎದ್ದು ಓಡುತ್ತದೆ. ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ, ಏನಂತೀರಿ?

ಡಬ್ಬಿಂಗ್ ಬೇಡ, ಜಪಾನೀ ದನಿಯಲ್ಲೇ ನೋಡಿ. ನಾನು ಹೆಸರಿಗೆ ತಕ್ಕ ಹಾಗೆ ಹೇಳಲೇಬೇಕಲ್ಲ. ಮಾತು ಅರ್ಥವಾಗದಿದ್ದರೂ ಉಸಿರು ಅರ್ಥವಾಗುತ್ತದೆ.

ಪೆನ್ಸಿಲ್ ತುದಿ ಮರ್ಯಾದೆಯವರು, ಕೇಳಲಿಲ್ಲ. ನಾನು ಕೇಳುತ್ತೇನೆ, ಬೇಜಾರಾದರೆ ಬಿಟ್ಟುಬಿಡಿ. ಆ ನಾಲ್ಕು ಗೆರೆಯಲ್ಲಿ ನಿಮಗೆ ಕಂಡಿದ್ದು ಯಾರು?

---

ಇರುಳುಪಾಳಿ:

ಎರಡು ರಾತ್ರಿ ಪಾಳಿ ಇತ್ತು, ಈಗ ಓದಿದೆ. ಎಲ್ಲರಿಗೂ ಥ್ಯಾಂಕ್ಸ್. ಕೊನೇ ಬೆಂಚಿನವರೇ, ಆ ‘ಹೌದು’ ನನಗೂ ಗೊತ್ತು. ವಾರ್ಡಿನಲ್ಲಿ ನಾವು ದಿನಾ ಅನ್ನುವುದೇ ಅದು.

ಸುಬ್ಬಿ, ಬೇಜಾರಿಲ್ಲ.

ನನಗೊಬ್ಬರು ಸೀನಿಯರ್ ಇದ್ದರು. ಒಂಬತ್ತು ವರ್ಷ ಒಂದೇ ವಾರ್ಡಿನಲ್ಲಿ, ಒಟ್ಟಿಗೆ ರಾತ್ರಿ. ಟೀಗೆ ಎಷ್ಟು ಸಕ್ಕರೆ ಹಾಕುತ್ತಾರೆ ಅಂತ ನನಗೆ ಗೊತ್ತು. ಯಾವ ಮಂಡಿ ನೋಯುತ್ತದೆ ಅಂತ ಗೊತ್ತು. ಮೂರು ಗಂಟೆ ಆಯಿತು ಅಂದರೆ ಕಿಟಕಿ ಹತ್ತಿರ ಹೋಗಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾರೆ ಅಂತ ಗೊತ್ತು. ಯಾಕೆ ಅಂತ ಕೇಳಿರಲಿಲ್ಲ. ನಿವೃತ್ತಿಯಾದ ದಿನ, ಬಿಡುವು ಮಾಡಿಕೊಂಡು ಮನೆಗೆ ಬರುತ್ತೇನೆ ಅಕ್ಕ ಅಂದೆ. ಮೂರು ವರ್ಷ ಬಿಡುವು ಸಿಗಲಿಲ್ಲ. ಕಳೆದ ವರ್ಷ ಸುದ್ದಿ ಬಂತು, ಆಗ ಮೊದಲ ಸಲ ಅವರ ಮನೆಗೆ ಹೋದೆ.

ಗೋಡೆ ಮೇಲೆ ಫೋಟೋ ಇತ್ತು. ಇಪ್ಪತ್ತೈದರ ವಯಸ್ಸಿನ ಹುಡುಗಿ, ಕೈಯಲ್ಲಿ ಬ್ಯಾಡ್ಮಿಂಟನ್ ರಾಕೆಟ್, ಬಾಯಿ ತುಂಬಾ ನಗು. ಅದರ ಕೆಳಗೆ ಕಪಾಟಿನಲ್ಲಿ ಕಪ್ಪುಗಳು. ಹತ್ತೋ ಹನ್ನೆರಡೋ ಇರಬೇಕು. ಒಂಬತ್ತು ವರ್ಷದಲ್ಲಿ ಒಂದು ಸಲವೂ ಆ ಮಾತು ಬಂದಿರಲಿಲ್ಲ. ಯಾರೋ ಬಂದು, ನೀವು ಸಂಬಂಧಿಕರಾ ಅಂತ ಕೇಳಿದರು. ಇಲ್ಲ, ಬರೀ ಜೊತೆಗೆ ಕೆಲಸ ಮಾಡುತ್ತಿದ್ದೆ ಅಂದೆ.

ಅವತ್ತು ಅಳು ಬರಲಿಲ್ಲ. ಅಲ್ಲಿಂದ ನೇರವಾಗಿ ಪಾಳಿಗೆ ಹೋದೆ.

ಮೊನ್ನೆ ಆ ಹುಡುಗಿ ‘ಬರೀ ಹತ್ತು ವರ್ಷ’ ಅಂದಳಲ್ಲ, ಆ ‘ಬರೀ’ ಸಾಕಾಯಿತು.

ನಾಲ್ಕನೇ ಕಂತಿನವರೆಗೆ ನೋಡಿದ್ದೇನೆ. ಎರಡನೆಯದರಲ್ಲಿ ಹಿಮ್ಮೆಲ್ ಪ್ರತಿಮೆಯ ಹತ್ತಿರ ನೆಡಲು ಅವನೂರಿನ ನೀಲಿ ಹೂ ಹುಡುಕಿಕೊಂಡು ಹೋಗುತ್ತಾಳೆ. ಅಲ್ಲಿ ಅಳಲಿಲ್ಲ, ಸುಮ್ಮನೆ ನೋಡಿದೆ. ಪೆನ್ಸಿಲ್ ತುದಿಯವರ ಮಾತು ಕೇಳಿ ಒಂದೊಂದೇ ಚೌಕಟ್ಟು ಸರಿಸುತ್ತಾ ಕೂತೆ. ಮಗಳು ರಿಮೋಟ್ ಕಿತ್ತುಕೊಂಡಳು. ಕಾರ್ಟೂನ್ ಅಂದಿದ್ದನ್ನಾದರೂ ತಡೆದುಕೊಂಡೆ ಅಮ್ಮ, ಇದನ್ನು ಆಗಲ್ಲ ಅಂದಳು.

ಮುಷಿಶಿ ಭಾನುವಾರ ಶುರು ಮಾಡುತ್ತೇನೆ. ಮಿಂಚುಹುಳ ಹೇಳಿದ್ದನ್ನು ಸದ್ಯಕ್ಕೆ ಬೇಡ ಅಂತ ಬರೆದಿಟ್ಟುಕೊಂಡಿದ್ದೇನೆ.